ಕಟ್ಟಿಗೆ ಮನೆಯಲ್ಲಿ ವೈಫೈ: ಗೋಡೆ ಮುಚ್ಚುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸ

ಧಾರವಾಡದ ಮಾಳಮಡ್ಡಿಯಲ್ಲಿ ಅಜ್ಜನ ಕಾಲದ ಹಂಚಿನ ಮನೆ ರಿಪೇರಿ ಮಾಡಿಸುವವರಿದ್ದಾರೆ. ಕಲಘಟಗಿ ಕಡೆ ಹೊಲದಲ್ಲಿ ಕಟ್ಟಿಗೆಯ ಕಾಟೇಜು ಕಟ್ಟಿಸುವವರಿದ್ದಾರೆ. ಹುಬ್ಬಳ್ಳಿಯಲ್ಲಿ ಆಫೀಸಿನ ಒಳಗೋಡೆಯನ್ನೆಲ್ಲ ಹಲಗೆಯಲ್ಲೇ ಮಾಡಿಸುವವರೂ ಇದ್ದಾರೆ. ಪಾಲಿಶ್, ಗೆದ್ದಲು, ರೇಟು ಎಲ್ಲ ಮಾತಾಡಿ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಬಂದೇ ಬರುತ್ತದೆ: "ಇಷ್ಟು ಕಟ್ಟಿಗಿ ಹಾಕಿದ್ರ ಒಳಗ ನೆಟ್‌ವರ್ಕ್ ಬರ್ತೈತೇನ್ರೀ?"

ಬರುತ್ತದೆ. ಮನೆ ಕಟ್ಟುವ ಸಾಮಾನುಗಳಲ್ಲಿ ರೇಡಿಯೊ ಅಲೆಗೆ ಕಡಿಮೆ ಅಡ್ಡಿ ಮಾಡುವುದರಲ್ಲಿ ಒಣ ಕಟ್ಟಿಗೆಯೂ ಒಂದು. ತೊಂದರೆ ಕೊಡುವುದು ಕಟ್ಟಿಗೆಗೆ ನಾವು ಹಚ್ಚುವ, ಅದರ ಮೇಲೆ ಹಾಸುವ, ಅದರ ಹಿಂದೆ ತುರುಕುವ ಸಾಮಾನು. ಜಾಳಿಗೆ, ಫಾಯಿಲ್, ತಗಡು, ಕಾಂಕ್ರೀಟು, ಮತ್ತೆ ನೀರು. ಇವನ್ನು ಕಟ್ಟುವಾಗಲೇ ನೋಡಿಕೊಂಡರೆ ಮುಂದೆ ರೂಟರ್ ಮೇಲೆ ರೂಟರ್ ತರುವುದು ತಪ್ಪುತ್ತದೆ. ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೊರದೇಶದ 'ಮಾಸ್ ಟಿಂಬರ್' ಕಟ್ಟಡಗಳ ಫೋಟೋ ನೀವೂ ನೋಡಿರಬಹುದು. ಅಲ್ಲಿ ಕಂಬ, ತೊಲೆ, ಗೋಡೆ, ಮಹಡಿ ಹೆಚ್ಚಾಗಿ ದಪ್ಪ ಕಟ್ಟಿಗೆಯದೇ. ಅದರಲ್ಲಿ ಸಿಎಲ್‌ಟಿ (ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್) ಅನ್ನುವ ಫಲಕ ಮುಖ್ಯವಾದದ್ದು. ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಮುಂದಿನ ಪದರ ಅಡ್ಡಕ್ಕೆ ಇಟ್ಟು, ಅಂಟು ಹಾಕಿ ಒತ್ತುತ್ತಾರೆ. ಸಾಮಾನ್ಯವಾಗಿ 3, 5 ಇಲ್ಲವೇ 7 ಪದರ. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟಾರ್ನೆಟ್ 18 ಅಂತಸ್ತಿನದು, ಎತ್ತರ 85.4 ಮೀಟರ್. ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ ಮುಗಿದ ಅಸೆಂಟ್ 25 ಅಂತಸ್ತಿನದು, ಅದರ ಕೆಳಗಿನ ಅಂತಸ್ತುಗಳು ಕಾಂಕ್ರೀಟಿನವು. ನಮ್ಮ ಕಡೆ ಅಷ್ಟು ದೊಡ್ಡದು ಯಾರೂ ಕಟ್ಟುತ್ತಿಲ್ಲ. ಆದರೆ ಸಾಗವಾನಿ ಕಂಬ, ಮತ್ತಿ ತೊಲೆ, ಮೇಲೆ ಜಂತಿ, ಅದರ ಮೇಲೆ ಹಲಗೆ ಹಾಸಿದ ಹಳೆಯ ಮನೆಗಳು ನಮ್ಮಲ್ಲಿ ಇದ್ದೇ ಇವೆ. ಅಲೆಗೆ ಎರಡೂ ಕಟ್ಟಿಗೆಯೇ.

ಮೊದಲು ಡಿಬಿ ಲೆಕ್ಕ ತಿಳಿದುಕೊಳ್ಳಿ

ಸಿಗ್ನಲ್ ಕಡಿಮೆಯಾಗುವುದನ್ನು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ, ಅಳೆಯುತ್ತಾರೆ. 3 ಡಿಬಿ ಹೋದರೆ ಶಕ್ತಿ ಅರ್ಧ. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು. 20 ಡಿಬಿ ಹೋದರೆ ನೂರರಲ್ಲಿ ಒಂದು. ಕಿಸೆಯಲ್ಲಿ ನೂರು ರೂಪಾಯಿ ಇಟ್ಟುಕೊಂಡು ಹೊರಟವನು ಒಂದು ಗೋಡೆ ದಾಟುವಷ್ಟರಲ್ಲಿ ಒಂದು ರೂಪಾಯಿಗೆ ಬಂದ ಹಾಗೆ.

ಫೋನಿನಲ್ಲಿ ಕಾಣುವ ಅಂಕಿ ಮೈನಸ್‌ನಲ್ಲಿ ಇರುತ್ತದೆ, ಅದಕ್ಕೆ ಡಿಬಿಎಂ ಅನ್ನುತ್ತಾರೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಗಟ್ಟಿ. ವೈಫೈಗೆ ಮೈನಸ್ 50 ಅಂದರೆ ಭರ್ಜರಿ. ಮೈನಸ್ 67ರ ತನಕ ವಿಡಿಯೊ ಕಾಲ್ ಸರಾಗ. ಮೈನಸ್ 75ಕ್ಕೆ ವಾಟ್ಸಾಪ್ ನಡೆಯುತ್ತದೆ, ವಿಡಿಯೊ ತೊದಲುತ್ತದೆ. ಮೈನಸ್ 85 ದಾಟಿದರೆ ಕಡ್ಡಿ ಕಂಡರೂ ಕೆಲಸಕ್ಕೆ ಬರುವುದಿಲ್ಲ.

ಈಗ ಸಾಮಾನುಗಳಿಗೆ ಬರೋಣ. ವೈಫೈ ಹೆಚ್ಚಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡ್‌ನಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಟ್ಟಡದ ಸಾಮಾನುಗಳ ಬಗ್ಗೆ ಪಿ.2040 ಅನ್ನುವ ಶಿಫಾರಸು ಪ್ರಕಟಿಸಿದೆ. ಅದರಲ್ಲಿನ ಸೂತ್ರ ಹಾಕಿ ಲೆಕ್ಕ ಮಾಡಿದರೆ, 20 ಸೆಂಟಿಮೀಟರ್ ದಪ್ಪದ ಒಣ ಕಟ್ಟಿಗೆ 2.4 ಗಿಗಾಹರ್ಟ್ಸ್ ವೈಫೈಯನ್ನು ಸುಮಾರು 3 ಡಿಬಿ ತಿನ್ನುತ್ತದೆ. 5 ಗಿಗಾಹರ್ಟ್ಸ್ ಆದರೆ ಸುಮಾರು 6. ಅದೇ ಜಾಗದಲ್ಲಿ ಬರೀ 15 ಸೆಂಟಿಮೀಟರ್ ಕಾಂಕ್ರೀಟು ಇದ್ದರೆ 2.4ರಲ್ಲಿ 7ರಿಂದ 10, 5ರಲ್ಲಿ 13ರಿಂದ 17 ಡಿಬಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 5ರಿಂದ 7. ಇವು ಸಾಮಾನಿನ ಒಳಗೆ ಹೀರಿಹೋಗುವ ಲೆಕ್ಕ ಮಾತ್ರ. ಗೋಡೆಯ ಮೈಗೆ ಬಡಿದು ಅಲೆ ಹಿಂದಕ್ಕೆ ಹೋಗುವುದು ಬೇರೆ, ಕಾಂಕ್ರೀಟಿನ ಒಳಗಿನ ಸರಳು ಬೇರೆ. ಹಾಗಾಗಿ ನಿಜವಾದ ಮನೆಯಲ್ಲಿ ಅಂಕಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಅಂದರೆ ಒಂದು ಗೇಣು ದಪ್ಪದ ಕಟ್ಟಿಗೆ ಗೋಡೆಯೂ ಸ್ಲ್ಯಾಬಿಗಿಂತ ಎಷ್ಟೋ ವಾಸಿ. ಮನೆಯೊಳಗಿನ ಬಾಗಿಲು, ಹಲಗೆಯ ಪಾರ್ಟಿಶನ್, ಪ್ಲೈವುಡ್ ವಾರ್ಡ್‌ರೋಬ್ ಇವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಎರಡನೆಯದು: ಕಟ್ಟಿಗೆ ಒಣಗಿದೆಯೇ ನೋಡಿ

ಕಟ್ಟಿಗೆಯ ಒಳಗೆ ಅಲೆಯನ್ನು ನುಂಗುವುದು ಹೆಚ್ಚಾಗಿ ನೀರು. ಹಸಿ ಮರದಲ್ಲಿ ಒಣ ತೂಕದ 30 ಪ್ರತಿಶತಕ್ಕಿಂತ ಜಾಸ್ತಿ ನೀರಿರುತ್ತದೆ. ಚೆನ್ನಾಗಿ ಒಣಗಿಸಿದ ಕಟ್ಟಿಗೆಯಲ್ಲಿ ಸುಮಾರು 12. ಸಿಎಲ್‌ಟಿ ಫಲಕಕ್ಕೂ ಸುಮಾರು ಅಷ್ಟು ಒಣಗಿದ ಹಲಗೆಯೇ ಬೇಕು. ಮೇಲೆ ಹೇಳಿದ 3 ಡಿಬಿ ಲೆಕ್ಕ ಒಣ ಕಟ್ಟಿಗೆಯದು. ಸಾಮಿಲ್‌ನಿಂದ ನಿನ್ನೆ ಕೊಯ್ದು ತಂದ ಹಲಗೆಗೆ ಅದು ಹೊಂದುವುದಿಲ್ಲ.

ಬಡಿಗೇರರಿಗೆ ಹಸಿ-ಒಣ ಅನ್ನುವುದು ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ. ನಿಮಗೆ ಗೊತ್ತಾಗದಿದ್ದರೆ ಎರಡು ಮೊಳೆಯ ಹಾಗೆ ಚುಚ್ಚಿ ನೋಡುವ ತೇವಾಂಶ ಮೀಟರ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಹಸಿ ಕಟ್ಟಿಗೆ ಹಾಕಿದರೆ ವೈಫೈಗಿಂತ ಮೊದಲು ಬಾಗಿಲು ಸೊಟ್ಟಗಾಗುತ್ತದೆ. ಆದ್ದರಿಂದ ಒಣ ಕಟ್ಟಿಗೆ ಕೇಳುವುದಕ್ಕೆ ನಿಮ್ಮ ಹತ್ತಿರ ಬೇರೆ ಕಾರಣವೂ ಇದೆ.

ನಮ್ಮ ಹಳೆಯ ಮನೆಗಳಲ್ಲಿ ನೀರಿನ ಕಾಟ ಕಟ್ಟಿಗೆಗಿಂತ ಗೋಡೆಗೆ ಜಾಸ್ತಿ. ಎರಡು ಫೂಟು ದಪ್ಪದ ಮಣ್ಣು-ಕಲ್ಲಿನ ಗೋಡೆ ಬೇಸಿಗೆಯಲ್ಲೇ ಸಿಗ್ನಲ್ಲನ್ನು ಚೆನ್ನಾಗಿ ತಡೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದುಕೊಂಡು ಗೋಡೆ ತಂಪು ಹೀರಿದ ಮೇಲೆ ಇನ್ನೂ ತಡೆಯುತ್ತದೆ. "ಆಷಾಢದಾಗ ವೈಫೈ ಸ್ಲೋ ಆಗ್ತೈತ್ರೀ" ಅಂತ ಯಾರಾದರೂ ಅಂದರೆ ನಗಬೇಡಿ. ಗದಗ ಕಡೆ ಮಳೆ ಕಡಿಮೆ, ಗೋಡೆ ಒಣಗಿಯೇ ಇರುತ್ತದೆ, ಅಲ್ಲಿನವರಿಗೆ ಈ ಕಾಟ ಅಷ್ಟಿಲ್ಲ. ಆದರೆ ಅಲ್ಲಿ ಮಣ್ಣಿನ ಮಾಳಿಗೆ ಇದೆ. ತೊಲೆ, ಜಂತಿ, ಹಲಗೆ ಇಷ್ಟನ್ನೂ ಅಲೆ ಸುಮ್ನೆ ದಾಟಿ ಬರುತ್ತದೆ, ಮೇಲೆ ಹಾಕಿದ ಮಣ್ಣಿಗೆ ಸೋಲುತ್ತದೆ. ಅಂಥ ಮನೆಯಲ್ಲಿ ಎಲ್ಲರೂ ಬೆಳಕಿಂಡಿಯ ಕೆಳಗೆ ನಿಂತು ಫೋನ್ ಮಾಡುವುದು ಸುಮ್ಮಸುಮ್ಮನೆ ಅಲ್ಲ. ಮಾಳಿಗೆಯಲ್ಲಿ ಅಲೆಗೆ ಸಲೀಸಾಗಿ ದಾರಿ ಇರುವುದು ಅದೊಂದೇ.

ಇನ್ನೊಂದು ಸಂಗತಿ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಟ್ಟಿಗೆಯ ಎಳೆ ಯಾವ ದಿಕ್ಕಿಗಿದೆ ಅನ್ನುವುದರ ಮೇಲೂ ನಷ್ಟ ಬದಲಾಗುತ್ತದೆ. ಅಲೆಯ ವಿದ್ಯುತ್ ಕ್ಷೇತ್ರ ಎಳೆಯ ಉದ್ದಕ್ಕೇ ಇದ್ದರೆ ಜಾಸ್ತಿ, ಅಡ್ಡ ಇದ್ದರೆ ಕಡಿಮೆ. ಸಿಎಲ್‌ಟಿಯಲ್ಲಿ ಪದರಗಳು ಅಡ್ಡ-ಉದ್ದ ಇರುವುದರಿಂದ ಎರಡೂ ಸರಿತೂಗುತ್ತವೆ. ಮನೆಯಲ್ಲಿ ಫೋನನ್ನು ನಾವು ಹೇಗೆ ಬೇಕೋ ಹಾಗೆ ತಿರುಗಿಸುತ್ತೇವೆ, ಹಾಗಾಗಿ ಇದು ಓದಿ ಬಿಡುವ ವಿಷಯ.

ಮೂರನೆಯದು, ಇದೇ ಮುಖ್ಯ: ಕಟ್ಟಿಗೆಯ ಜೊತೆ ಏನೇನು ಬರುತ್ತಿದೆ, ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮನೆಯ ಪ್ರತಿ ಗೋಡೆ, ಪ್ರತಿ ಮಹಡಿ, ಪ್ರತಿ ಕಿಟಕಿಗೆ ಒಂದೊಂದು ಸಾಲು. ಅದರಲ್ಲಿ ಹೊರಗಿನಿಂದ ಒಳಗಿನ ತನಕ ಯಾವ ಪದರ ಆದ ಮೇಲೆ ಯಾವುದು ಅಂತ ಬರೆಯಿರಿ. ಕಾಂಟ್ರ್ಯಾಕ್ಟರ್‌ನ ಪಕ್ಕ ಕೂತು ಕೇಳಿದರೆ ಅರ್ಧ ಗಂಟೆಯ ಕೆಲಸ. ಇದರಲ್ಲಿ ಲೋಹ ಎಲ್ಲೆಲ್ಲಿ ಬಂತೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ.

ಹೆಚ್ಚು ಕಾಡುವುದು ಚಿಕನ್ ಮೆಶ್. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ನಿಲ್ಲಲಿ ಅಂತಲೋ, ಕಟ್ಟಿಗೆ ಚೌಕಟ್ಟು ಮತ್ತು ಇಟ್ಟಿಗೆ ಸೇರುವಲ್ಲಿ ಬಿರುಕು ಬರದಿರಲಿ ಅಂತಲೋ ಈ ತಂತಿ ಜಾಳಿಗೆ ಬಡಿಯುತ್ತಾರೆ. ಸಂದಿಗೆ ಒಂದು ಪಟ್ಟಿ ಬಡಿದರೆ ಏನೂ ಆಗುವುದಿಲ್ಲ. ಗೋಡೆ ತುಂಬ ಬಡಿದರೆ ಅದು ಲೋಹದ ಪರದೆಯಾಯಿತು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5ರದ್ದು ಸುಮಾರು 6. ಜಾಳಿಗೆಯ ಕಣ್ಣು ಅದಕ್ಕಿಂತ ಎಷ್ಟೋ ಸಣ್ಣದು, ಹೆಚ್ಚಿನ ಪಾಲು ಅಲೆ ಹಿಂದಕ್ಕೆ ಹೋಗುತ್ತದೆ. ಪ್ಲಾಸ್ಟರ್ ಆದ ಮೇಲೆ ಇದು ಕಣ್ಣಿಗೂ ಕಾಣುವುದಿಲ್ಲ. ಫೈಬರ್ ಮೆಶ್ ಸಿಗುತ್ತದೆ. ನಿಮ್ಮ ಗೋಡೆಗೆ ಅದು ಸಾಕಾಗುತ್ತದೆಯೇ ಅಂತ ಇಂಜಿನಿಯರ್‌ನ ಕೇಳಿ.

ಕಿಟಕಿಯ ಸೊಳ್ಳೆ ಪರದೆಯದೂ ಇದೇ ಕಥೆ. ಸ್ಟೀಲ್ ಅಥವಾ ಅಲ್ಯುಮಿನಿಯಂ ಜಾಳಿಗೆ ಹಾಕಿದರೆ ಹೊರಗಿನ ಮೊಬೈಲ್ ಸಿಗ್ನಲ್ ಬರುವ ಕಿಟಕಿಯನ್ನೇ ಮುಚ್ಚಿದಂತಾಗುತ್ತದೆ. ಫೈಬರ್‌ಗ್ಲಾಸ್ ಅಥವಾ ನೈಲಾನ್ ಪರದೆ ಹಾಕಿಸಿ, ಸೊಳ್ಳೆಗೆ ಎರಡೂ ಒಂದೇ. ಅಗಲ ಅಗಲವಾದ ಸರಳಿನ ಗ್ರಿಲ್ ಬಗ್ಗೆ ಚಿಂತೆ ಬೇಡ.

ಬಿಸಿಲು ತಡೆಯಲಿಕ್ಕೆ ತಗಡಿನ ಕೆಳಗೆ, ಕೆಲವೊಮ್ಮೆ ಹಲಗೆಯ ಹಿಂದೆ, ಬೆಳ್ಳಗೆ ಹೊಳೆಯುವ ಬಬಲ್ ಶೀಟ್ ಹಾಸುತ್ತಾರಲ್ಲ, ಅದರ ಹೊಳಪು ಅಲ್ಯುಮಿನಿಯಂ ಫಾಯಿಲ್‌ನದು. ಹೊರದೇಶದ ಕಟ್ಟಿಗೆ ಕಟ್ಟಡಗಳಲ್ಲೂ ಸಿಗ್ನಲ್ ಸಾಯುವುದಕ್ಕೆ ಫಾಯಿಲ್ ಹಚ್ಚಿದ ಇನ್ಸುಲೇಶನ್ ಒಂದು ಕಾರಣ. ಇನ್ನೊಂದು ಕಾರಣ ಗಾಜು. ಸಾದಾ ಗಾಜು ಎರಡು-ಮೂರು ಡಿಬಿಗೆ ಬಿಡುತ್ತದೆ. ಶಾಖ ತಡೆಯುವ ಲೋ-ಇ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಪದರ ಇರುತ್ತದೆ, ಅದು 20ರಿಂದ 30 ಡಿಬಿ ನುಂಗಬಲ್ಲದು. ಕಿಟಕಿಗೆ ಹಚ್ಚುವ ಕನ್ನಡಿಯಂಥ ಸನ್ ಫಿಲ್ಮ್‌ಗಳಲ್ಲೂ ಲೋಹ ಇರುವವು ಬರುತ್ತವೆ. ಖರೀದಿಗೆ ಹೋದಾಗ "ಮೆಟಲ್ ಕೋಟಿಂಗ್ ಐತೇನ್ರೀ, ಸಿರಾಮಿಕ್ಕಾ?" ಅಂತ ಒಂದು ಮಾತು ಕೇಳಿ. ಸಿರಾಮಿಕ್ ಆದರೆ ಅಲೆ ದಾಟುತ್ತದೆ.

ಲೋಹ ಪೂರ್ತಿ ಸುತ್ತಿದರೆ ಏನಾಗುತ್ತದೆ ಅನ್ನುವುದು ಹಾವೇರಿ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಒಳಗೆ ಹೋದವರಿಗೆ ಫೋನ್ ಹತ್ತುವುದು ಕಷ್ಟ. ಇಂಥ ಕಡೆ ಹಾಕುವ, ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್‌ನ ಎರಡೂ ಮೈಗೆ ತಗಡು ಇರುತ್ತದೆ. ಹುಬ್ಬಳ್ಳಿಯ ಅಂಗಡಿಗಳ ಮುಂದೆ ಹಾಕುವ ಎಸಿಪಿ ಶೀಟ್‌ಗೂ ಹೊರಮೈ ಅಲ್ಯುಮಿನಿಯಮ್ಮೇ. ಕಟ್ಟಿಗೆಯ ಬಣ್ಣದ ಎಸಿಪಿ ಬರುತ್ತದೆ, ನೋಡಲಿಕ್ಕೆ ಥೇಟ್ ಸಾಗವಾನಿ. ಕಣ್ಣಿಗೆ ಕಟ್ಟಿಗೆ, ಫೋನಿಗೆ ತಗಡು. ಹಲಗೆಯ ಮೇಲಿನ ಸನ್ಮೈಕಾ, ವಿನಿಯರ್, ಪಾಲಿಶ್ ಇವು ಏನೂ ಮಾಡುವುದಿಲ್ಲ.

ಕೊನೆಯದಾಗಿ ಮಹಡಿ. ಕಟ್ಟಿಗೆ ಮಹಡಿ ಮೇಲೆ ನಡೆದರೆ ಕೆಳಗೆ ಧಡಧಡ ಸಪ್ಪಳ. ಅದನ್ನು ತಡೆಯಲಿಕ್ಕೆ ಹೊರದೇಶದಲ್ಲಿ ಸಿಎಲ್‌ಟಿ ಮೇಲೆ ಕಾಂಕ್ರೀಟಿನ ಪದರ ಹಾಕುತ್ತಾರೆ. ನಮ್ಮಲ್ಲೂ ಹಳೆಯ ಅಟ್ಟದ ಹಲಗೆಯ ಮೇಲೆ ವೆಲ್ಡ್ ಮೆಶ್ ಇಟ್ಟು ಕಾಂಕ್ರೀಟು ಸುರಿಯುತ್ತಾರೆ. ಹಾಗೆ ಮಾಡಿದ ಮೇಲೆ ಕೆಳಗಿನಿಂದ ನೋಡಿದರೆ ಕಟ್ಟಿಗೆ ಮಾಳಿಗೆಯೇ, ಅಲೆಗೆ ಮಾತ್ರ ಸ್ಲ್ಯಾಬ್. ಅಲ್ಲಿ ಕೆಳಗಿನ ರೂಟರ್ ಮೇಲಕ್ಕೆ ಮುಟ್ಟುತ್ತದೆ ಅಂತ ನಂಬಿ ಕೂರಬೇಡಿ.

ನಾಲ್ಕನೆಯದು: ಎರಡು ಫೋನು ಇಟ್ಟುಕೊಂಡು ಅಳೆಯಿರಿ

ಇದಕ್ಕೆ ಮೀಟರು, ಇಂಜಿನಿಯರು ಯಾರೂ ಬೇಡ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ. ಇನ್ನೊಂದರಲ್ಲಿ ವೈಫೈ ಅನಲೈಜರ್ ಥರದ ಆ್ಯಪ್ ಹಾಕಿಕೊಳ್ಳಿ. ಐಫೋನ್ ಆದರೆ ಆ್ಯಪಲ್‌ನ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್‌ನಲ್ಲಿ ವೈಫೈ ಸ್ಕ್ಯಾನರ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಅಂಕಿ ಬೇಗ ಬದಲಾಗದೆ ನಿಂತುಬಿಟ್ಟರೆ ಡೆವಲಪರ್ ಆಪ್ಶನ್ಸ್‌ಗೆ ಹೋಗಿ ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ ಆಫ್ ಮಾಡಿ.

ಮೊದಲು ಕೈ ಪಳಗಲಿಕ್ಕೆ ಅಡುಗೆಮನೆಯಲ್ಲೇ ಒಂದು ಆಟ ಆಡಿ. ಹಾಟ್‌ಸ್ಪಾಟ್ ಫೋನನ್ನು ಕಟ್ಟೆಯ ಮೇಲೆ ಇಟ್ಟು ಮೂರು ಮೀಟರ್ ದೂರದಿಂದ ಅಂಕಿ ಓದಿ. ಆಮೇಲೆ ಅದನ್ನು ಕಟ್ಟಿಗೆಯ ಪೆಟ್ಟಿಗೆಯೊಳಗೆ ಇಟ್ಟು ಓದಿ. ಅಂಕಿ ಅಲ್ಲಾಡಿದರೆ ಒಂದೆರಡು. ಈಗ ಅದೇ ಫೋನನ್ನು ರೊಟ್ಟಿ ಇಡುವ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ. ಅಂಕಿ ಧಡಕ್ಕನೆ ಕೆಳಗಿಳಿಯುತ್ತದೆ. ಪೂರ್ತಿ ಮಾಯವಾಗದಿದ್ದರೆ ಆಶ್ಚರ್ಯ ಪಡಬೇಡಿ, ಮುಚ್ಚಳದ ಸಂದಿಯಲ್ಲಿ ಒಂದಿಷ್ಟು ಸೋರುತ್ತದೆ. ಮುಚ್ಚಳ ಸ್ವಲ್ಪ ಓರೆ ಮಾಡಿ, ಮತ್ತೆ ಮೇಲಕ್ಕೇರುತ್ತದೆ. ಲೋಹದ ಗೋಡೆಯಲ್ಲಿ ಒಂದು ಸಂದಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಇಲ್ಲೇ ಕಣ್ಣಿಗೆ ಕಾಣುತ್ತದೆ. ಬೆಳಕಿಂಡಿಯ ಕೆಲಸವೂ ಇಷ್ಟೇ ಅಲ್ವಾ?

ಈಗ ಸೈಟಿಗೆ ಹೋಗಿ. ಗೋಡೆ ಅಳೆಯುವ ಕ್ರಮ ಹೀಗೆ. ಬಯಲಲ್ಲಿ, ನಡುವೆ ಏನೂ ಇಲ್ಲದ ಕಡೆ, ಎರಡು ಫೋನುಗಳ ನಡುವೆ ನಾಲ್ಕು ಮೀಟರ್ ಬಿಟ್ಟು ಓದಿ. ಆಮೇಲೆ ಅದೇ ನಾಲ್ಕು ಮೀಟರ್ ಅಂತರದಲ್ಲಿ, ಗೋಡೆ ನಡುವೆ ಬರುವ ಹಾಗೆ ಇಟ್ಟು ಓದಿ. ಎರಡರ ವ್ಯತ್ಯಾಸವೇ ಆ ಗೋಡೆಯ ನಷ್ಟ. ಅಂತರ ಬದಲಾಗಬಾರದು, ಯಾಕೆಂದರೆ ಬಯಲಲ್ಲೇ ಅಂತರ ಎರಡು ಪಟ್ಟಾದರೆ 6 ಡಿಬಿ ಹೋಗುತ್ತದೆ. ಅದನ್ನು ಗೋಡೆಯ ಲೆಕ್ಕಕ್ಕೆ ಹಾಕಬಾರದು.

ಒಂದೇ ಸಲ ಓದಿ ನಂಬಬೇಡಿ. ಗೋಡೆ, ನೆಲ, ಮಾಳಿಗೆಗೆ ಬಡಿದು ಬರುವ ಅಲೆಗಳು ಒಂದಕ್ಕೊಂದು ಕೂಡಿಯೋ ಕಳೆದೋ ಆಟವಾಡುತ್ತವೆ. ಫೋನನ್ನು ನಾಲ್ಕು ಬೆರಳು ಆಚೆ ಸರಿಸಿದರೂ ಅಂಕಿ ಐದಾರು ಬದಲಾಗಬಹುದು. ಪ್ರತಿ ಜಾಗದಲ್ಲಿ ಗೇಣು ಗೇಣು ಸರಿಸಿ ಐದಾರು ಸಲ ಓದಿ ಸರಾಸರಿ ಹಿಡಿಯಿರಿ. ಫೋನನ್ನು ಕೈಯಲ್ಲಿ ಹಿಡಿಯದೆ ಸ್ಟೂಲ್ ಮೇಲೆ ಇಡಿ, ನಮ್ಮ ಮೈಯಲ್ಲೂ ನೀರೇ ಜಾಸ್ತಿ. ಎರಡೂ ಬ್ಯಾಂಡ್‌ನಲ್ಲಿ ಅಳೆಯಿರಿ. ಆಂಡ್ರಾಯ್ಡ್ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ಫೋನುಗಳು 2.4 ಇಲ್ಲವೇ 5 ಆರಿಸಲು ಬಿಡುತ್ತವೆ. ಐಫೋನ್‌ನಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಹಚ್ಚಿದರೆ 2.4.

ವ್ಯತ್ಯಾಸ 5 ಡಿಬಿ ಒಳಗಿದ್ದರೆ ಗೋಡೆ ಇಲ್ಲ ಅಂತಲೇ ತಿಳಿಯಿರಿ. 10ರ ಆಸುಪಾಸು ಇದ್ದರೆ ಅಂಥ ಎರಡು ಗೋಡೆ ದಾಟಿಸಬೇಡಿ. 20 ದಾಟಿತೆಂದರೆ ಒಳಗೆಲ್ಲೋ ಲೋಹ ಇರಬಹುದು, ಗೋಡೆ ಹಸಿ ಇರಬಹುದು, ಇಲ್ಲವೇ ತುಂಬ ದಪ್ಪ ಇರಬಹುದು. ಅದರ ಆಚೆಗೆ ವೈಫೈ ಕೊಡುವ ಬೇರೆ ಯಂತ್ರವೇ ಬೇಕು.

ಐದನೆಯದು: ವೈರು ಈಗಲೇ ಎಳೆಸಿ

ವೈಫೈ ಕೆಲಸದಲ್ಲಿ ಅತಿ ಒಳ್ಳೆಯ ಸಾಮಾನು ವೈರೇ. ಹಲಗೆ ಹೊಡೆಯುವ ಮೊದಲು ಕ್ಯಾಟ್6 ಅನ್ನುವ ಒಂದು ನೆಟ್ ಕೇಬಲ್ ಎಳೆಸುವುದು ಅಗ್ಗದ ಕೆಲಸ. ಪಾಲಿಶ್ ಆದ ಮೇಲೆ ಅದೇ ಕೇಬಲ್ ಎಳೆಸಬೇಕೆಂದರೆ ಬಡಿಗೇರರು ನಿಮ್ಮ ಮುಖ ನೋಡುತ್ತಾರೆ.

ಫೈಬರ್ ಕನೆಕ್ಷನ್ ಕೊಡಲು ಬಂದ ಹುಡುಗರು ಬಾಗಿಲ ಪಕ್ಕದಲ್ಲೇ ಡಬ್ಬಿ ಹೊಡೆದು ಹೋಗುತ್ತಾರೆ, ಅವರಿಗೆ ಹತ್ತಿರ ಆಗುವುದು ಅದು. ಮನೆಯ ನಡುವಿನ ತನಕ ಒಂದು ಖಾಲಿ ಪೈಪು ಮೊದಲೇ ಹಾಕಿಸಿದ್ದರೆ "ಇದರಾಗ ಎಳೀರಿ" ಅಂತ ಹೇಳಬಹುದು. ಪಡಸಾಲೆ ಇರುವ ಹಳೆಯ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಡುವೆ ಬಯಲು, ಸುತ್ತ ಕೋಣೆಗಳ ಬಾಗಿಲು, ಅಡ್ಡ ಬರುವುದು ಕಂಬಗಳು ಮಾತ್ರ. ಕಂಬದ ಪಕ್ಕದಲ್ಲಿ ಅಲೆ ಬಳಸಿಕೊಂಡು ಹೋಗುತ್ತದೆ. ರೂಟರ್ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇರಲಿ. ಟಿವಿಯ ಹಿಂದೆ ಬೇಡ, ಸ್ಟೀಲ್ ಕಪಾಟಿನ ಮೇಲೆ ಬೇಡ, ಫ್ರಿಜ್ ಪಕ್ಕ ಬೇಡ, ನೀರಿನ ಡ್ರಮ್ಮಿನ ಹತ್ತಿರವೂ ಬೇಡ. ಚಂದ ಕಾಣಲಿ ಅಂತ ಹಲಗೆಯ ಡಬ್ಬಿ ಮಾಡಿಸಿ ಅದರೊಳಗೆ ಇಡುತ್ತೇನೆ ಅಂದರೆ ಇಡಿ. ಗಾಳಿಯಾಡಲು ಕಂಡಿ ಬಿಡಿಸಿ, ರೂಟರ್ ಬಿಸಿಯಾಗುತ್ತದೆ.

ದಪ್ಪ ಮಣ್ಣಿನ ಗೋಡೆಯ ಆಚೆಯ ಕೋಣೆಗೆ, ಕಾಂಕ್ರೀಟು ಹಾಸಿದ ಅಟ್ಟಕ್ಕೆ ಎರಡನೇ ಯಂತ್ರ ಬೇಕಾಗುತ್ತದೆ. ಅದಕ್ಕೂ ವೈರಿನಿಂದಲೇ ಕನೆಕ್ಷನ್ ಕೊಡಿ. ವೈರಿಲ್ಲದ ರಿಪೀಟರ್ ಸಿಗ್ನಲ್ ಸತ್ತಿರುವ ಕೋಣೆಯಲ್ಲಿ ಕೂತರೆ ಸತ್ತ ಸಿಗ್ನಲ್ಲನ್ನೇ ಹಂಚುತ್ತದೆ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ವೈರು ಎಳೆಯುವುದು ಸಾಧ್ಯವೇ ಇಲ್ಲ ಅಂದರೆ ಮೆಶ್ ಯಂತ್ರವನ್ನು (ಇದು ತಂತಿ ಜಾಳಿಗೆ ಅಲ್ಲ, ಒಂದಕ್ಕೊಂದು ಮಾತಾಡಿ ಸಿಗ್ನಲ್ ಮುಂದೆ ಸಾಗಿಸುವ ವೈಫೈ ಯಂತ್ರ) ಬಾಗಿಲಿಗೆ ನೇರವಾಗಿ, ಸಿಗ್ನಲ್ ಇನ್ನೂ ಮೈನಸ್ 65ರ ಒಳಗಿರುವ ಕಡೆ ಇಡಿ.

ತೊಲೆಗೆ ತೂತು ಹೊಡೆಯಲು ಬಿಡಬೇಡಿ. ಹಳೆಯ ತೊಲೆ ಮಾಳಿಗೆಯ ಭಾರ ಹೊತ್ತಿರುತ್ತದೆ. ಕೇಬಲ್ ಹಾಯಿಸಲು ಜಂತಿಗಳ ನಡುವೆ ಬೇಕಾದಷ್ಟು ಜಾಗ ಇದೆ. ಸಿಎಲ್‌ಟಿ ಫಲಕದಲ್ಲಿ ತೂತುಗಳನ್ನು ಫ್ಯಾಕ್ಟರಿಯಲ್ಲೇ ಕಂಪ್ಯೂಟರ್ ಮಶೀನಿನಿಂದ ಕೊಯ್ದು ಕಳಿಸುತ್ತಾರೆ, ಹಾಗಾಗಿ ಅಲ್ಲಿ ರೂಟರಿನ ಜಾಗ ನಕ್ಷೆಯ ಹೊತ್ತಿಗೇ ಗೊತ್ತಾಗಿರಬೇಕು. ಕರೆಂಟಿನ ವೈರು ಮತ್ತು ನೆಟ್ ಕೇಬಲ್ ಒಂದೇ ಪೈಪಿನಲ್ಲಿ ಹಾಕಿಸಬೇಡಿ.

ಆರನೆಯದು: ಅಲೆ ಹೊರಗೂ ಹೋಗುತ್ತದೆ

ಕಟ್ಟಿಗೆ ಗೋಡೆಯ ಗುಣವೇ ಹೋಮ್‌ಸ್ಟೇ, ಪಿಜಿ, ಆಫೀಸು ನಡೆಸುವವರಿಗೆ ತಲೆನೋವು. ಕಾಂಕ್ರೀಟು ಕಟ್ಟಡದಲ್ಲಿ ಪಕ್ಕದ ಕೋಣೆಯ ವೈಫೈ ಬಹಳಷ್ಟು ಗೋಡೆಗೇ ನಿಲ್ಲುತ್ತದೆ. ಕಟ್ಟಿಗೆಯಲ್ಲಿ ನಾಲ್ಕು ಕೋಣೆ ದಾಟಿ ಬರುತ್ತದೆ. ಎಲ್ಲ ರೂಟರುಗಳು ಒಂದೇ ಚಾನೆಲ್‌ನಲ್ಲಿದ್ದರೆ ಒಂದು ಮಾತಾಡುವಾಗ ಉಳಿದವು ಕಾಯಬೇಕು. ಕಡ್ಡಿ ಪೂರ್ತಿ, ಸ್ಪೀಡು ಮಾತ್ರ ಇಲ್ಲ. ರೂಟರು ಜಾಸ್ತಿ ಮಾಡಿದಷ್ಟೂ ಕೆಡುತ್ತದೆ.

ಹಾಗಾಗಿ ಕಟ್ಟಿಗೆ ಕಟ್ಟಡದಲ್ಲಿ ಯಂತ್ರ ಕಡಿಮೆ ಇರಲಿ. 2.4ರಲ್ಲಿ ಚಾನೆಲ್ 1, 6, 11 ಇವನ್ನೇ ಹಂಚಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಕೆಲಸದ ಫೋನು, ಲ್ಯಾಪ್‌ಟಾಪ್‌ಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಹಾಕಿ. ರೂಟರಿನ ಟ್ರಾನ್ಸ್‌ಮಿಟ್ ಪವರ್ ಮಧ್ಯಮಕ್ಕೆ ಇಳಿಸಿ. ರಸ್ತೆಯಲ್ಲಿ ನಿಂತವರಿಗೂ ನಿಮ್ಮ ವೈಫೈ ಸಿಗುತ್ತದೆ, ಪಾಸ್‌ವರ್ಡ್ ಮನೆಯ ನಂಬರ್ ಆಗದಿರಲಿ.

ಏಳನೆಯದು: ಮೊಬೈಲ್ ಸಿಗ್ನಲ್

ಇದು ಟವರ್‌ನಿಂದ ಬರುವುದು, ರೂಟರ್ ಸರಿಸಿದ ಹಾಗೆ ಸರಿಸಲಿಕ್ಕೆ ಆಗುವುದಿಲ್ಲ. 700ರಿಂದ 900 ಮೆಗಾಹರ್ಟ್ಸ್ ಬ್ಯಾಂಡ್ ಗೋಡೆಯನ್ನು ಚೆನ್ನಾಗಿ ದಾಟುತ್ತದೆ. 5ಜಿಯ ಹೆಚ್ಚಿನ ಸ್ಪೀಡು ಬರುವುದು 3,300 ಮೆಗಾಹರ್ಟ್ಸ್‌ಗಿಂತ ಮೇಲಿನ ಬ್ಯಾಂಡ್‌ನಿಂದ, ಅದು ಗೋಡೆಗೆ ಬೇಗ ಸುಸ್ತಾಗುತ್ತದೆ. ಅಂಗಳದಲ್ಲಿ 5ಜಿ ತೋರಿಸಿ ಒಳಗೆ 4ಜಿಗೆ ಇಳಿದರೆ ಫೋನು ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ.

ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ, ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್‌ಗೆ ಹೋದರೆ ಅಂಕಿ ಸಿಗುತ್ತದೆ. 4ಜಿಗೆ ಮೈನಸ್ 90 ಚೆನ್ನ, ಮೈನಸ್ 105 ಪರವಾಗಿಲ್ಲ, ಮೈನಸ್ 115 ಆದರೆ ಮಾತು ಕಟ್ಟಾಗುತ್ತದೆ. ವೈಫೈ ಅಂಕಿಗೂ ಇದಕ್ಕೂ ಹೋಲಿಸಬೇಡಿ, ಅಳತೆಯ ರೀತಿಯೇ ಬೇರೆ. ನಿಮ್ಮ ಸುತ್ತ ಯಾವ ಟವರ್ ಎಲ್ಲಿದೆ ಅಂತ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನೋಡಬಹುದು. ಟವರ್ ಇರುವ ದಿಕ್ಕಿನ ಗೋಡೆಗೆ ಸಾದಾ ಗಾಜಿನ ದೊಡ್ಡ ಕಿಟಕಿ ಇಡಿಸಿ, ಅಷ್ಟೇ ಸಾಕು.

ಒಳಗೆ ವೈಫೈ ಗಟ್ಟಿ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಆಗ ಕಾಲ್ ಟವರ್ ಬದಲು ವೈಫೈ ಮೂಲಕ ಹೋಗುತ್ತದೆ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರು ಮಾಡಿದವು. ಸಾದಾ ನಂಬರಿನಿಂದಲೇ, ಸಾದಾ ಕಾಲಿನ ಹಾಗೆಯೇ ಹೋಗುತ್ತದೆ. ಮಣ್ಣಿನ ಮಾಳಿಗೆ ಮನೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಬೂಸ್ಟರ್ ಮಾತ್ರ ತರಿಸಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಅಪರಾಧ. ನಿಮ್ಮ ಮನೆಯ ಬೂಸ್ಟರ್ ಓಣಿಯ ಎಲ್ಲರ ಕಾಲ್ ಕೆಡಿಸಬಲ್ಲದು. ನಿಜವಾಗಿ ಬೇಕೇ ಬೇಕಾದರೆ, ದೊಡ್ಡ ಹೋಟೆಲು ಅಥವಾ ಆಫೀಸು ಆದರೆ, ಮೊಬೈಲ್ ಕಂಪನಿಯವರಿಗೇ ಹೇಳಿ ಅವರಿಂದಲೇ ಹಾಕಿಸಿಕೊಳ್ಳಬೇಕು. ವೈಫೈ ರಿಪೀಟರ್, ಮೆಶ್ ಇವಕ್ಕೆ ಈ ತೊಡಕಿಲ್ಲ.

ಗೋಡೆ ಮುಚ್ಚುವ ದಿನ

ಹಲಗೆ ಹೊಡೆಯುವ ಮೊದಲು, ಪ್ಲಾಸ್ಟರ್ ಹಾಕುವ ಮೊದಲು, ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಟೇಪು ಹಿಡಿದು, ನೆಲದಿಂದ ಪೈಪು ಎಷ್ಟು ಎತ್ತರದಲ್ಲಿದೆ, ಜಾಳಿಗೆ ಎಲ್ಲಿಂದ ಎಲ್ಲಿಯವರೆಗಿದೆ ಅನ್ನುವುದು ಫೋಟೋದಲ್ಲಿ ಕಾಣಬೇಕು. ಪೈಪುಗಳಲ್ಲಿ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಕೇಬಲ್ ಎಳೆಯಲಿಕ್ಕೆ ಅದೇ ಬೇಕು. ಎರಡು ಫೋನಿನ ಅಳತೆಯನ್ನು ಆ ದಿನವೇ ಒಮ್ಮೆ ಮಾಡಿ, ಕೆಂಪು ಗೆರೆ ಎಳೆದ ಹಾಳೆಯಲ್ಲೇ ಅಂಕಿ ಬರೆದಿಡಿ. ಜುಲೈ-ಆಗಸ್ಟ್‌ನಲ್ಲಿ, ನಾಲ್ಕು ದಿನ ಬಿಡದೆ ಮಳೆ ಬಿದ್ದ ಮೇಲೆ, ಅದೇ ಜಾಗಗಳಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡನೇ ಯಂತ್ರ ಬೇಕೋ ಬೇಡವೋ ಅನ್ನುವುದನ್ನು ಆ ಮಳೆಗಾಲದ ಅಂಕಿ ನೋಡಿಯೇ ತೀರ್ಮಾನಿಸಿ, ಅಲ್ಲಿಯವರೆಗೆ ದುಡ್ಡು ಕಿಸೆಯಲ್ಲೇ ಇರಲಿ.